ಒಂದು ಶಬ್ದಕ್ಕೆ ಇಷ್ಟು

ವಾಡಿ ಜಂಕ್ಷನ್ನಿನ ತಾರ್ ಆಫೀಸಿನಲ್ಲಿ
ಹನ್ನೊಂದು ವರ್ಷ ನಾನು ಮಾತು ಎಣಿಸಿದೆ.
ಕಿಟಕಿಯ ಮೇಲೆ ಸಿಮೆಂಟಿನ ಪುಡಿ,
ಒರೆಸಿದ ಅರ್ಧ ತಾಸಿಗೆ ಮತ್ತೆ ಅಷ್ಟೇ.
ಪೆನ್ಸಿಲ್ಲಿನ ತುದಿಯಿಂದ ಒಂದೊಂದೇ ಶಬ್ದ ಮುಟ್ಟಿ
ಒಂದು, ಎರಡು, ಮೂರು,
ಕೆಳಗೆ ರೊಕ್ಕ.

ಕನ್ನಡವೂ ಇಂಗ್ಲಿಷ್ ಲಿಪಿಯಲ್ಲೇ ಹೋಗಬೇಕು.
ಹದಿನೈದು ಅಕ್ಷರ ದಾಟಿತೋ
ಒಂದು ಶಬ್ದ ಎರಡಾಗುತ್ತದೆ.
ಈ ನಿಯಮ ಬರೆದವರು ಯಾರೋ,
ಶಂಟಿಂಗ್ ನೋಡದವರು.

ಡಬ್ಬಿ ಬಂದು ಡಬ್ಬಿಗೆ ಢಣ್ಣೆಂದು ಬಡಿದು
ಕೊಂಡಿ ಕಚ್ಚುವುದು ನನ್ನ ಕಿಟಕಿಗೇ ಕಾಣುತ್ತಿತ್ತು.
ಮನೆಯಲ್ಲಿದ್ದವರಿಂದಲೇ:
ಮನೆ ಎಂಜಿನ್ನು,
ಅಲ್ಲಿ ಒಂದು ಡಬ್ಬಿ, ಇದ್ದ ಒಂದು, ಅವರು, ಇಂದ,
ಕಟ್ಟಕಡೆಗೆ ಏ, ಗಾರ್ಡಿನ ಡಬ್ಬಿ, ಕೆಂಪು ದೀಪ.
ಮೊದಲ ಕೊಂಡಿಯಲ್ಲಿ ಒಂದು ಯಕಾರ,
ಗ್ರೀಸಿನ ಹನಿ.

ಮಾಸ್ತರ ಗುಂಡೇರಾಯರಿಗೆ ಇಂಗ್ಲಿಷೇ ಸೈ.
"ನೋಡು ನೀಲಗಂಗಾ, ಪ್ಲಾಟ್‌ಫಾರ್ಮಿನ ಮ್ಯಾಲ
ಒಬ್ಬರಿಗೊಬ್ಬರು ಮುಟ್ಟದಂಗ ನಿಂತಾವ.
ಎಣಿಸಲಿಕ್ಕೆ ಎಷ್ಟು ಸಲೀಸು!"
ಸಲೀಸೇ ಹೌದು. ಆದರೆ ಇಬ್ಬರು ಜಾಗ ಅದಲುಬದಲಾದರೆ
ಹೊಡೆದವನು ಹೊಡೆಸಿಕೊಂಡವನಾಗುತ್ತಾನೆ,
ಅದನ್ನು ಅವರು ಹೇಳಲಿಲ್ಲ.

ಹಳಕರ್ಟಿ ದರ್ಗಾದಿಂದ ಬರುತ್ತಿದ್ದ ಮುನವ್ವರ್ ಸಾಹೇಬರು
ಪ್ಯಾಸೆಂಜರ್ ತಡವಾದಾಗಲೆಲ್ಲ ನಮ್ಮ ಬೆಂಚಿಗೆ.
"ಅರಬಿಯಾಗ ಡಬ್ಬಿ ಜೋಡಸೂದು ಕಮ್ಮಿ, ಬೇಟಿ.
ಕ, ತ, ಬ. ಮೂರು ಎಲುಬು.
ಉಸಿರು ಬದಲಿ ಮಾಡಿದ್ರ ಸಾಕು:
ಕಿತಾಬ್ ಅಂದ್ರ ಓದೂದು, ಕಾತಿಬ್ ಅಂದ್ರ ಬರ್ಯಾಂವ,
ಮಕ್ತಬ್ ಅಂದ್ರ ನಾ ಪೆಟ್ಟು ತಿಂದ ಸಾಲಿ."
ಎಲುಬು ಅದೇ, ಮೈ ಬೇರೆ.
ಅವರ ಗಾಡಿ ಅವತ್ತು ಮೂರು ತಾಸು ತಡ.

ನಮ್ಮ ಕಲಬುರ್ಗಿ ಮಾತಿನಲ್ಲೂ ಒಬ್ಬನಿದ್ದಾನೆ,
ಟಿಕೆಟಿಲ್ಲದವನು.
ಮಾಡಲಿಕ್ಕೆ ಹತ್ತೀನಿ ಎಂದು
ಯಾವ ಕಾಲದಲ್ಲೋ ಹತ್ತಿದವನು ಇಳಿಯಲೇ ಇಲ್ಲ.
ನೂಕುನುಗ್ಗಲಲ್ಲಿ ಕ್ಕೆ ಬಿತ್ತು, ಹಕಾರ ಬಿತ್ತು.
ಮಾಡ್ಲತ್ತೀನಿ:
ಬಾಗಿಲಿಗೆ ಜೋತುಬಿದ್ದ ಒಂದು ಕೈ ಮಾತ್ರ ಕಾಣುತ್ತದೆ.
ಟಿ.ಸಿ. ಕೂಡ ಕೇಳುವುದಿಲ್ಲ.

ಒಂದು ಸಂಜೆ ನಾಲವಾರದ ಮರೆಮ್ಮ ಬಂದಳು,
ಕಲ್ಲಿನ ಪಾಲಿಶ್ ನೀರು ಸೀರೆಯಂಚಿನಲ್ಲಿ ಇನ್ನೂ ಒಣಗಿರಲಿಲ್ಲ.
ಮಗ ಸೊಲ್ಲಾಪುರದ ಚಾದರ ಮಿಲ್ಲಿನಲ್ಲಿ.
"ಏನು ಬರೀಲಿ ಯವ್ವಾ?"
"ಹುಟ್ಯಾಳ."
"ಯಾರು?"
"ಅದರಾಗೇ ಅದ ಅಲಾ."

ಇತ್ತು.
ಹುಟ್ಟು ಇತ್ತು, ಆಗಿಹೋದದ್ದು ಇತ್ತು,
ಇಗೋ ಇಲ್ಲೇ ಇದ್ದಾಳೆ ಎಂಬುದಿತ್ತು,
ಬಾಲದ ಒಂದು ಳಕಾರದಲ್ಲಿ
ಮುಷ್ಟಿ ಬಿಗಿಹಿಡಿದು ಒಂದು ಹೆಣ್ಣು ಕೂಸು.

"ಕಡಿಮೆ ಅಂದ್ರ ಎಂಟು ಶಬ್ದದ ರೊಕ್ಕ ಕೊಡಬೇಕು.
ವಿಳಾಸಕ್ಕ ಐದು ಹೋದ್ವು, ಇದಕ್ಕ ಒಂದು,
ಇನ್ನೆರಡು ನಿಂದೇ ಉಳದಾವ."
ಮರೆಮ್ಮ ಸೆರಗಿನ ಗಂಟು ಬಿಚ್ಚುತ್ತಲೇ ಯೋಚಿಸಿದಳು.
ತಾಯಿ ಕ್ಷೇಮ, ಬೇಗ ಬಾ, ನಾನೇ ಸೂಚಿಸಬಹುದಿತ್ತು.
"ಹಂಗಾದ್ರ ಅದನ್ನೇ ಇನ್ನೆರಡು ಸಲ ಬರಿ."

ಬರೆದೆ.
ಕಟ್ಟ ಕಡಾ ಕಟ್ಟ ಕಟ್ಟ,
ತಂತಿಯಲ್ಲಿ ಳ ಇಲ್ಲ, ಲ ಮಾತ್ರ.
ಹುಟ್ಯಾಲ ಹುಟ್ಯಾಲ ಹುಟ್ಯಾಲ,
ಮಾರ್ತೂರು, ಶಹಾಬಾದ, ಕಲಬುರ್ಗಿ ದಾಟಿ
ಕತ್ತಲಲ್ಲಿ ಓಡಿದಳು ಮೂರು ಸಲ ಹುಟ್ಟಿದವಳು.

ಸೊಲ್ಲಾಪುರ ತಿರುಗಿ ಕೇಳಿತು:
ಒಂದೇ ಶಬ್ದ ಮೂರು ಬಾರಿ, ತಪ್ಪೇ?

ಹಿಂದೆ ಗುಂಡೇರಾಯರ ಕುರ್ಚಿ ಕಿರುಗುಟ್ಟಿತು.
ನಾನು ಕೀಲಿಯ ಮೇಲೆ ಬೆರಳಿಟ್ಟೆ.

ತಪ್ಪಲ್ಲ.

ತಪ್ಪು, ಅಲ್ಲ. ನಡುವಿನ ಉಕಾರ
ಹಳಿಗಳ ಮಧ್ಯೆ ಎಲ್ಲೋ ಬಿತ್ತು.
ಆಫೀಸಿನವರ ಮಾತಿಗೆ ರೊಕ್ಕವಿಲ್ಲ,
ಎಣಿಸಲಿಲ್ಲ.